ಒಂದು ಗುಂಡಿ ಒತ್ತಿದರಾಯಿತು

ಸುಲಭ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಸುಸ್ತಾಗುತ್ತದೆ. ಕಷ್ಟದ ಕೆಲಸವಾದರೆ ನಾಲ್ಕು ಜನ ಸೇರಿ ಗೊಣಗುತ್ತಾರೆ, ಹಂಚಿಕೊಳ್ಳುತ್ತಾರೆ, ಇಲ್ಲವೇ ನಾಳೆ ನೋಡೋಣ ಎನ್ನುತ್ತಾರೆ. ಸುಲಭದ ಕೆಲಸಕ್ಕೆ ಆ ಭಾಗ್ಯವಿಲ್ಲ. ಅದನ್ನು ಯಾರೋ ಒಬ್ಬರ ಮೇಜಿನ ಮೇಲಿಟ್ಟು ಉಳಿದವರೆಲ್ಲ ಬ್ಯಾಗು ಹೆಗಲಿಗೇರಿಸಿಕೊಂಡು ಮನೆಗೆ ಹೋಗುತ್ತಾರೆ. ನಮ್ಮ ಕಚೇರಿಯಲ್ಲಿ ಎಷ್ಟೋ ವರ್ಷ ಆ ಒಬ್ಬರು ನಾನಾಗಿದ್ದೆ.

ನಾನು ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಸುತ್ತಲಿನ ಕೆರೆಗಳ ಏರಿ, ತೂಬು, ಕೋಡಿಗಳ ದುರಸ್ತಿ ನೋಡಿಕೊಳ್ಳುವ ಸಣ್ಣ ಕಚೇರಿ ಅದು. ಮನೆ ಅರಸೀಕೆರೆಯಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ನನ್ನವರು ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು, ಅವರು ಊರು ಬಿಡುವ ಹಾಗಿರಲಿಲ್ಲ. ಹಾಗಾಗಿ ನಾನೇ ದಿನಾ ಬೆಳಿಗ್ಗೆ ಬೇಲೂರಿನ ಬಸ್ಸು ಹತ್ತುತ್ತಿದ್ದೆ. ಜಾವಗಲ್‌ವರೆಗೆ ನಿಂತು, ಅಲ್ಲಿ ಯಾರಾದರೂ ಇಳಿದರೆ ಕೂತು, ಹಳೇಬೀಡು ದಾಟಿದ ಮೇಲೆ ತೂಕಡಿಸಿ, ಬೇಲೂರಿನಲ್ಲಿ ಕಂಡಕ್ಟರ್ ಕೂಗಿದಾಗ ಬೆಚ್ಚಿಬಿದ್ದು ಇಳಿಯುತ್ತಿದ್ದೆ. ಸಂಜೆ ಅದೇ ದಾರಿ, ಅದೇ ತೂಕಡಿಕೆ.

ನಮಗೆ ಒಬ್ಬಳೇ ಮಗಳು. ನನ್ನನ್ನು ಬೇಲೂರಿಗೆ ಹಾಕಿದಾಗ ಅವಳು ಒಂದನೇ ತರಗತಿ. ಅವಳ ಅಪ್ಪ ಮಂಡಿಯ ಲೆಕ್ಕ ಮುಗಿಸಿ ಬರುವಾಗ ರಾತ್ರಿಯಾಗುತ್ತಿದ್ದರಿಂದ, ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯಲ್ಲಿರುತ್ತಿದ್ದಳು. ಆ ಮನೆಯಾಕೆ ಗಂಡಸಿ ಕಡೆಯವರು, ಒರಟು ಮಾತು, ಬೆಣ್ಣೆಯಂಥ ಮನಸ್ಸು. ಬೇಲೂರಿನಲ್ಲಿ ಆರು ಗಂಟೆಯ ಬಸ್ಸು ಸಿಕ್ಕರೆ ನಾನು ಮನೆ ಸೇರುವಾಗ ಮಗಳು ಇನ್ನೂ ಎದ್ದಿರುತ್ತಿದ್ದಳು. ತೊಡೆಯ ಮೇಲೆ ತಲೆಯಿಟ್ಟುಕೊಂಡು ಟೀಚರ್ ಹಾಗಂದರು, ಗೆಳತಿ ಹೀಗಂದಳು ಎಂದು ಒಂದಷ್ಟು ಹೊತ್ತು ಹೇಳುತ್ತಿದ್ದಳು. ಆರರ ಬಸ್ಸು ತಪ್ಪಿದರೆ ಮುಂದಿನದು ಏಳೂವರೆಗೆ. ಅದರಲ್ಲಿ ಬಂದ ದಿನ ಪಕ್ಕದ ಮನೆಯಾಕೆ ಬಾಗಿಲಲ್ಲೇ ಪಿಸುಗುಡುತ್ತಿದ್ದರು: "ಮಗು ಉಂಡು ಮನಿಕ್ಕಂಡೈತೆ ಕಣಕ್ಕ, ಎಬ್ಬುಸ್‌ಬ್ಯಾಡ." ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ತರುವಾಗ ಅವಳ ಭಾರ ನನಗೆ ಹಿತವಾಗಿರುತ್ತಿತ್ತು, ಅಳುವೂ ಬರುತ್ತಿತ್ತು. ಹೇಗಾದರೂ ಮಾಡಿ ಅರಸೀಕೆರೆಗೆ ವರ್ಗ ಮಾಡಿಸಿಕೊಳ್ಳಬೇಕು, ಇವಳು ದೊಡ್ಡವಳಾಗುವುದರೊಳಗೆ ಮನೆ ಸೇರಬೇಕು, ಇದೊಂದೇ ನನಗೆ ಬೇಕಾಗಿದ್ದದ್ದು.

ಟೈಪ್‌ರೈಟರಿನ ಕಾಲದಲ್ಲಿ ಆರರ ಬಸ್ಸು ತಪ್ಪಿದ್ದು ಕಡಿಮೆ. ಈಗಿನವರಿಗೆ ಆ ಯಂತ್ರದ ಕಷ್ಟ ಹೇಳಿದರೆ ನಗುತ್ತಾರೆ. ಕನ್ನಡ ಟೈಪ್‌ರೈಟರಿನಲ್ಲಿ ಒಂದೊಂದು ಒತ್ತಕ್ಷರಕ್ಕೂ ಕಿರುಬೆರಳು ಮೈಲಿ ದೂರ ಹೋಗಿ ಬರಬೇಕು. ಮೇಲೊಂದು ಹಾಳೆ, ಕೆಳಗೆ ಕಾರ್ಬನ್ ಇಟ್ಟು ಮೂರು ಪ್ರತಿ. ಒಂದು ಅಕ್ಷರ ತಪ್ಪಿದರೆ ನಾಲ್ಕೂ ಹಾಳೆಯಲ್ಲಿ ರಬ್ಬರ್ ತಿಕ್ಕಬೇಕು. ತಿಕ್ಕಿ ತಿಕ್ಕಿ ಹಾಳೆ ತೂತಾದರೆ ಮೊದಲಿನಿಂದ. ಆದರೆ ಆ ಕಷ್ಟದಲ್ಲಿ ಒಂದು ದೊಡ್ಡ ಅನುಕೂಲವಿತ್ತು. ಕಷ್ಟ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಸಾಹೇಬರು ಕರಡು ಬರೆಯುವ ಮುಂಚೆ ಕನ್ನಡಕ ತೆಗೆದು, ಕಿಟಕಿಯ ಕಡೆ ನೋಡುತ್ತಾ ಯೋಚನೆ ಮಾಡುತ್ತಿದ್ದರು. ಏನು ಹೇಳಬೇಕೆಂದು ಪೂರ್ತಿ ತೀರ್ಮಾನವಾದ ಮೇಲೆಯೇ ಹಸಿರು ಶಾಯಿಯ ಪೆನ್ನು ಕೆಳಗಿಳಿಯುತ್ತಿತ್ತು. ಟೈಪ್ ಆದ ಮೇಲೆ ಒಂದು ಪದ ಹಿಡಿಸದಿದ್ದರೂ "ಇರ್ಲಿ ಬಿಡೀಮ್ಮ, ಅರ್ಥ ಆಗುತ್ತಲ್ಲ" ಎಂದು ಸಹಿ ಹಾಕುತ್ತಿದ್ದರು. ಒಂದು ವಿಷಯಕ್ಕೆ ಒಂದು ಕಾಗದ. ಐದೂವರೆಗೆ ಯಂತ್ರಕ್ಕೆ ಮುಸುಕು ಹಾಕುತ್ತಿದ್ದೆವು.

ಕಚೇರಿಯಲ್ಲಿ ನನ್ನ ಜೊತೆ ಇನ್ನೊಬ್ಬರು ಹಿರಿಯ ಟೈಪಿಸ್ಟ್ ಇದ್ದರು. ಹಳೇಬೀಡಿನ ಬಸದಿಗಳ ಹತ್ತಿರವೇ ಮನೆ, ಜೈನರು. ನಾನು ಅವರನ್ನು ಅಣ್ಣಯ್ಯ ಎನ್ನುತ್ತಿದ್ದೆ. ಹೊತ್ತು ಮುಳುಗುವುದರೊಳಗೆ ಅವರ ಊಟ ಆಗಬೇಕು, ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ. ಅದಕ್ಕೇ ಸಂಜೆಯಾಗುತ್ತಿದ್ದ ಹಾಗೆ ಆಕಾಶ ನೋಡಿ ಏಳುತ್ತಿದ್ದರು, ಸಾಹೇಬರೂ ಅವರನ್ನು ತಡೆಯುತ್ತಿರಲಿಲ್ಲ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ನಮ್ಮ ಮನೆದೇವರೂ ಇಂಥದ್ದೊಂದು ಕಟ್ಟುಪಾಡು ಮಾಡಿದ್ದರೆ ಏನಾಗುತ್ತಿತ್ತು ಎಂದು ಅಂದುಕೊಳ್ಳುತ್ತಿದ್ದೆ. ಹಸಿವಿಗೆ ಸಿಕ್ಕ ಮರ್ಯಾದೆ ಮಗುವಿಗೆ ಸಿಗುತ್ತಿರಲಿಲ್ಲ.

ಮಗಳು ಮೂರನೇ ತರಗತಿಯಲ್ಲಿದ್ದಾಗ ಕಂಪ್ಯೂಟರ್ ಬಂತು. ಅದಕ್ಕೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ಪರದೆ. ಧೂಳು ಹೋಗಬಾರದೆಂದು ಚಪ್ಪಲಿಯನ್ನು ಹೊರಗೆ ಬಿಡಬೇಕು. ಸಾಹೇಬರೂ ಬರಿಗಾಲಲ್ಲಿ ಒಳಗೆ ಬಂದು, ಅದರ ನೆತ್ತಿಗೆ ಕುಂಕುಮ ಇಟ್ಟು, ಕೈಮುಗಿದರು. ಹಾಸನದಿಂದ ಬಂದಿದ್ದ ಹುಡುಗಿ ಅರ್ಧ ದಿನ ನಮಗೆ ಹೇಳಿಕೊಟ್ಟಳು. "ಬಹಳ ಸುಲಭ ಮೇಡಂ, ಎಫ್ ಒತ್ತಿ ಮುಂದಿನ ಅಕ್ಷರ ಒತ್ತಿದ್ರೆ ಒತ್ತಕ್ಷರ ತಾನೇ ಬರುತ್ತೆ" ಎಂದಳು. ಒತ್ತಿದೆ. ಬಂತು. ನಿಜ ಹೇಳುತ್ತೇನೆ, ನನಗೆ ಸಂತೋಷದಿಂದ ಕಣ್ಣು ತೇವವಾಯಿತು. ಕಿರುಬೆರಳಿನ ನೋವು ಇನ್ನು ಮುಗಿಯಿತು, ಕೆಲಸ ಬೇಗ ಮುಗಿಯುತ್ತದೆ, ಆರರ ಬಸ್ಸು ತಪ್ಪುವ ಮಾತೇ ಇಲ್ಲ ಎಂದುಕೊಂಡೆ.

ಅಣ್ಣಯ್ಯ ಬಾಗಿಲಲ್ಲೇ ನಿಂತು ನೋಡಿದರು. "ನಂಗ್ಯಾಕಮ್ಮ ಇದೆಲ್ಲ, ರಿಟೈರಾಗೋ ವಯಸ್ಸಲ್ಲಿ" ಎಂದು ಚಪ್ಪಲಿ ಮೆಟ್ಟಿಕೊಂಡು ತಮ್ಮ ಟೈಪ್‌ರೈಟರಿಗೆ ಹೋದರು. ಹೀಗೆ ಕಂಪ್ಯೂಟರ್ ನನ್ನದಾಯಿತು.

ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಸಾಹೇಬರಿಗೆ ಒಂದು ಸಂಗತಿ ಹೊಳೆಯಿತು. ತಿದ್ದಿದರೆ ಹಾಳೆ ತೂತಾಗುವುದಿಲ್ಲ. ಅವತ್ತಿನಿಂದ ನನ್ನ ಗ್ರಹಚಾರ ಶುರುವಾಯಿತು. ಅವರು ಕೆಟ್ಟವರಲ್ಲ, ಜೋರಾಗಿ ಮಾತಾಡಿದವರೂ ಅಲ್ಲ. ಆದರೆ ಕಿಟಕಿಯ ಕಡೆ ನೋಡಿ ಯೋಚನೆ ಮಾಡುವುದನ್ನು ಬಿಟ್ಟೇಬಿಟ್ಟರು. ಮನಸ್ಸಿಗೆ ಬಂದದ್ದನ್ನು ಬರೆದು ಕಳಿಸುತ್ತಿದ್ದರು, ಟೈಪಾಗಿ ಬಂದ ಮೇಲೆ ಯೋಚಿಸುತ್ತಿದ್ದರು. "ಈ ಪ್ಯಾರಾ ಮೇಲಕ್ಕೆ ತಗೊಳ್ಳೀಮ್ಮ." ತೆಗೆದುಕೊಂಡೆ. "ಮೊದಲು ಎಲ್ಲಿತ್ತೋ ಅಲ್ಲೇ ಚೆನ್ನಾಗಿತ್ತು ಅನ್ಸುತ್ತೆ." ಇಳಿಸಿದೆ. "'ಕೋರಿದೆ' ಅನ್ನೋ ಕಡೆ 'ವಿನಂತಿಸಿದೆ' ಅಂತ ಮಾಡಿ. ನಿಮಗೇನು, ಒಂದು ಗುಂಡಿ ಒತ್ತಿದ್ರಾಯ್ತು." ಪ್ರಿಂಟರ್ ಕಿರ್ರೋ ಎಂದು ಇನ್ನೊಂದು ಹಾಳೆ ಉಗುಳುತ್ತಿತ್ತು. ಆರು ಸಲ ತಿದ್ದಿ ಕೊನೆಗೆ ಹೋಗುತ್ತಿದ್ದ ಕಾಗದ, ಮೊದಲ ಸಲ ನಾನು ಟೈಪ್ ಮಾಡಿದ್ದಕ್ಕಿಂತ ಒಂದು ಅಲ್ಪವಿರಾಮದಷ್ಟು ಬೇರೆಯಾಗಿರುತ್ತಿತ್ತು.

ಇದು ನಮ್ಮ ಸಾಹೇಬರೊಬ್ಬರ ಚಟವೂ ಅಲ್ಲ. ಹಾಸನದ ಮೇಲಿನ ಕಚೇರಿಯವರಿಗೂ ನಮ್ಮಲ್ಲಿ ಕಂಪ್ಯೂಟರ್ ಬಂದದ್ದು ಗೊತ್ತಾಯಿತು. ಮೊದಲು ವರ್ಷಕ್ಕೊಮ್ಮೆ ಕೇಳುತ್ತಿದ್ದ ವಿವರವನ್ನು ತಿಂಗಳಿಗೊಮ್ಮೆ ಕೇಳತೊಡಗಿದರು, ಆಮೇಲೆ ವಾರಕ್ಕೊಮ್ಮೆ. ಕೆರೆಯಲ್ಲಿ ಹೂಳು ಇದ್ದಷ್ಟೇ ಇತ್ತು. ಏರಿ ಬಿರುಕು ಬಿಟ್ಟದ್ದು ಬಿಟ್ಟ ಹಾಗೇ ಇತ್ತು. ಅದರ ಬಗ್ಗೆ ನಾವು ಬರೆಯುವುದು ಮಾತ್ರ ಹೆಚ್ಚಾಯಿತು. ತಪಾಸಣೆಗೆ ಬಂದ ಹಿರಿಯ ಅಧಿಕಾರಿಯೊಬ್ಬರು ಹಾಳೆಯ ರಾಶಿ ನೋಡಿ, ಈ ಕಚೇರಿಯ ಕಾರ್ಯಕ್ಷಮತೆ ಬಹಳ ಸುಧಾರಿಸಿದೆ ಎಂದು ಹೊಗಳಿದರು. ಸಾಹೇಬರು ನನ್ನ ಕಡೆ ಕೈತೋರಿಸಿದರು. ನಾನು ಗಡಿಯಾರ ನೋಡುತ್ತಿದ್ದೆ, ಆರು ಹತ್ತಾಗಿತ್ತು.

ಆರರ ಬಸ್ಸಿನಲ್ಲಿ ಹೋಗುವುದು ವಾರಕ್ಕೊಮ್ಮೆ ಎನ್ನುವಂತಾಯಿತು. ಏಳೂವರೆಯ ಬಸ್ಸಿನ ಕಂಡಕ್ಟರ್ ನನಗೆ ಕಿಟಕಿ ಪಕ್ಕದ ಸೀಟು ಹಿಡಿದಿಡುವಷ್ಟು ಪರಿಚಯವಾದ. "ಏನಕ್ಕ, ಇವತ್ತೂ ಲೇಟಾ? ಕಂಪ್ಯೂಟರ್ ಬಂದ್ರೆ ಕೆಲ್ಸ ಬೇಗ ಆಯ್ತದೆ ಅಂತಾರೆ" ಎಂದು ಒಮ್ಮೆ ಕೇಳಿದ. ಆಗುತ್ತಪ್ಪ ಎಂದೆ.

ವರ್ಗಕ್ಕೆ ಅರ್ಜಿ ಹಾಕಿದ್ದೆ. ಸಿಗುವ ಲಕ್ಷಣ ಕಾಣದಿದ್ದಾಗ ಪಕ್ಕದ ಮನೆಯಾಕೆ, "ಮಾಲೇಕಲ್ ತಿರುಪ್ತಿಗೆ ಹರಸ್ಕೋ ಕಣಕ್ಕ, ಮಗೀನ್ ಕರ್ಕಂಡು ಹತ್ತಿ ಬತ್ತೀನಿ ಅನ್ನು" ಎಂದರು. ಅದು ನಮ್ಮೂರ ಹತ್ತಿರದ ಬೆಟ್ಟದ ಮೇಲಿನ ದೇವಸ್ಥಾನ, ಹರಸಿಕೊಂಡೆ. ದೇವರು ಕಣ್ಣುಬಿಟ್ಟನೋ, ಅರಸೀಕೆರೆಯ ಕಚೇರಿಯಲ್ಲಿ ಒಬ್ಬರು ನಿವೃತ್ತರಾದರೋ, ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ಆದೇಶ ಬಂದೇಬಿಟ್ಟಿತು. ಅದನ್ನು ಹಿಡಿದುಕೊಂಡು ನಾನು ಕಂಪ್ಯೂಟರ್ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕೆ.

ಸರ್ಕಾರಿ ನೌಕರಿಯಲ್ಲಿ ಇಲ್ಲದವರಿಗೆ ಒಂದು ಮಾತು ಹೇಳಬೇಕು. ವರ್ಗದ ಆದೇಶ ಬಂದ ಮಾತ್ರಕ್ಕೆ ಹೋಗುವ ಹಾಗಿಲ್ಲ. ಈಗಿರುವ ಕಚೇರಿಯವರು ನಮ್ಮನ್ನು 'ರಿಲೀವ್' ಮಾಡಬೇಕು. ಸಾಹೇಬರು ಒಂದು ಸಹಿ ಹಾಕಿ ಬಿಟ್ಟುಕೊಟ್ಟರೆ ಬಿಡುಗಡೆ, ಇಲ್ಲದಿದ್ದರೆ ಆದೇಶ ಬೀರುವಿನಲ್ಲಿ ಮಲಗಿರುತ್ತದೆ. ಊರಿನ ಜನ ಕೂಡ, "ರಿಲೀವ್ ಮಾಡುದ್ರಾ?" ಎಂದೇ ಕೇಳುತ್ತಾರೆ, ಆದೇಶದ ಬಗ್ಗೆ ಯಾರೂ ಕೇಳುವುದಿಲ್ಲ.

ಸಾಹೇಬರು ಆದೇಶ ಓದಿ ಮುಖ ಸಪ್ಪಗೆ ಮಾಡಿಕೊಂಡರು. "ಬೇಡ ಅನ್ನಲ್ಲಮ್ಮ, ನಿಮ್ಮ ಕಷ್ಟ ಗೊತ್ತು. ಆದ್ರೆ ಈ ಕಂಪ್ಯೂಟರ್ ಯಾರು ನೋಡ್ಕೋತಾರೆ? ಅವರಿಗೆ ಕಲಿಸಿಬಿಡಿ, ಬಿಟ್ಟುಕೊಡ್ತೀನಿ" ಎಂದರು. 'ಅವರಿಗೆ' ಎಂದದ್ದು ಅಣ್ಣಯ್ಯನನ್ನು ಕುರಿತು.

ಅಣ್ಣಯ್ಯನ ಮುಂದೆ ಹೋಗಿ ನಿಂತೆ. ಮಗುವಿನ ವಿಷಯ ಅವರಿಗೆ ಗೊತ್ತಿತ್ತು. "ನನಗೋಸ್ಕರ ಅಲ್ಲ ತಂಗಿ, ಆ ಕೂಸಿಗೋಸ್ಕರ ಕಲೀತೀನಿ" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರಷ್ಟು ಚೊಕ್ಕಟವಾಗಿ ಟೈಪ್ ಮಾಡುವವರು ಆ ಸುತ್ತಿನಲ್ಲಿ ಇರಲಿಲ್ಲ, ಆದರೆ ಇಷ್ಟು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಗುಂಡಿಗಳನ್ನು ಕುಟ್ಟುತ್ತಿದ್ದರು. ಒಂದು ಸಾಲು ಮುಗಿದರೆ ಎಡಗೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಹಿಡಿಯನ್ನು ಬಲಕ್ಕೆ ತಳ್ಳಲು ಹೋಗಿ ಗಾಳಿಯಲ್ಲಿ ನಿಲ್ಲುತ್ತಿತ್ತು. ಒಮ್ಮೆ ಕಂಪ್ಯೂಟರಿನ ಪರದೆಗೇ ಬಡಿಯಿತು. "ಹೊಡೀಬೇಡಿ ಅಣ್ಣಯ್ಯ, ಅದು ಸರ್ಕಾರಿ ಆಸ್ತಿ" ಎಂದರೆ, "ನಾನೂ ಸರ್ಕಾರಿ ಆಸ್ತಿನೇ ಕಣಮ್ಮ, ನನಗೆ ಅದು ಹೊಡೀತಿಲ್ವಾ" ಎನ್ನುತ್ತಿದ್ದರು. ನಕ್ಕು ನಕ್ಕು ನಮ್ಮಿಬ್ಬರಿಗೂ ಸಾಕಾಯಿತು. ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಕಾಗದ ಟೈಪ್ ಮಾಡುವುದು, ಉಳಿಸುವುದು, ತೆಗೆಯುವುದು ಬಂತು. ಸಾಹೇಬರು ಪರೀಕ್ಷೆ ಮಾಡಿ ನೋಡಿ, ಮುಂದಿನ ಬುಧವಾರ ರಿಲೀವ್ ಮಾಡುತ್ತೇನೆ ಎಂದರು.

ಅದಕ್ಕೆ ಮುಂಚಿನ ಶನಿವಾರ ರಜೆ ಹಾಕಿ ಮಗಳನ್ನು ಮಾಲೇಕಲ್ಲಿಗೆ ಕರೆದುಕೊಂಡು ಹೋದೆ. ಅವಳು ಮೆಟ್ಟಿಲುಗಳನ್ನು ಓಡಿ ಹತ್ತಿ, ಮೇಲೆ ನಿಂತು, "ಬಾರಮ್ಮ, ಎಷ್ಟು ನಿಧಾನ" ಎಂದು ಕೂಗುತ್ತಿದ್ದಳು. ದರ್ಶನ ಮುಗಿಸಿ ಬಂಡೆಯ ನೆರಳಲ್ಲಿ ಕೂತು ಪುಳಿಯೋಗರೆ ತಿಂದೆವು. ಕೆಳಗೆ ತೆಂಗಿನ ತೋಟಗಳು, ದೂರದಲ್ಲಿ ರೈಲು ಹೋಗುವುದು ಕಾಣುತ್ತಿತ್ತು. "ಮುಂದಿನ ವಾರದಿಂದ ನಾನು ದೀಪ ಹಚ್ಚೋ ಹೊತ್ತಿಗೆ ಮನೇಲಿರ್ತೀನಿ" ಎಂದೆ. "ದಿನಾನಾ?" ಎಂದಳು. "ದಿನಾ." ಹಾಗಾದರೆ ಬುಧವಾರ ಶಾಲೆಯಿಂದ ಪಕ್ಕದ ಮನೆಗೆ ಹೋಗುವುದಿಲ್ಲ, ನಮ್ಮ ಜಗುಲಿಯಲ್ಲೇ ಕೂತಿರುತ್ತೇನೆ ಎಂದಳು. ಆ ದಿನದಷ್ಟು ನೆಮ್ಮದಿಯ ದಿನ ನನ್ನ ಬೇಲೂರಿನ ಕಾಲದಲ್ಲಿ ಇನ್ನೊಂದಿರಲಿಲ್ಲ.

ಅದೇ ಶನಿವಾರ ಬೇಲೂರಿನಲ್ಲಿ ನಡೆದದ್ದು ನನಗೆ ಆಮೇಲೆ ಗೊತ್ತಾಯಿತು. ನಾನು ಶುಕ್ರವಾರ ಒಂದು ದೊಡ್ಡ ಪ್ರಸ್ತಾವನೆ ಮುಗಿಸಿಟ್ಟು ಬಂದಿದ್ದೆ. ಬೇಲೂರು ತಾಲ್ಲೂಕಿನ ಕೆರೆಗಳು, ಜೊತೆಗೆ ನಮ್ಮ ಕಚೇರಿಗೇ ಸೇರಿದ್ದ ಅರಸೀಕೆರೆ ತಾಲ್ಲೂಕಿನ ಜಾವಗಲ್ ಕಡೆಯ ಕೆರೆಗಳು, ಎಲ್ಲದರ ಹೂಳೆತ್ತುವ ಬಗ್ಗೆ ಪುಟಗಟ್ಟಲೆ ಇತ್ತು. ಸಾಹೇಬರು ಸಹಿ ಹಾಕಲು ಕೂತವರು ಮತ್ತೆ ಓದಿದರು. ಓದಿದಾಗ ಕೆರೆ ಎಂಬ ಪದ ಅವರಿಗೆ ಸಪ್ಪೆಯಾಗಿ ಕಂಡಿತು. "ಕೆರೆ ಅನ್ನೋದು ಹಳ್ಳಿ ಮಾತಾಯ್ತು. ಜಲಾಶಯ ಅಂತ ಹಾಕಿದ್ರೆ ತೂಕ ಬರುತ್ತೆ" ಎಂದರಂತೆ. ಟೈಪ್‌ರೈಟರಿನ ಕಾಲವಾಗಿದ್ದರೆ ಆ ಆಲೋಚನೆ ಹುಟ್ಟುತ್ತಲೇ ಇರಲಿಲ್ಲ. ಹುಟ್ಟಿದ್ದರೂ ಪುಟಗಳ ದಪ್ಪ ನೋಡಿ ಅಲ್ಲೇ ಸಾಯುತ್ತಿತ್ತು.

ಅಣ್ಣಯ್ಯ ಒಂದೊಂದೇ ಕೆರೆ ಹುಡುಕಿ ತಿದ್ದಲು ಶುರುಮಾಡಿದರು. ಸಾಹೇಬರಿಗೆ ತಾಳ್ಮೆ ಸಾಲಲಿಲ್ಲ. ಒಂದು ಪದದ ಬದಲು ಇನ್ನೊಂದನ್ನು ಇಡೀ ಕಡತದಲ್ಲಿ ಒಟ್ಟಿಗೇ ಹಾಕಬಹುದೆಂದು ಅವರು ನನ್ನ ಹಿಂದೆ ನಿಂತು ನೋಡಿದ್ದರು. "ಏಳಿ, ನಾನೇ ಮಾಡ್ತೀನಿ, ಇದೇನು ಮಹಾ" ಎಂದು ಕೂತು, ಕೆರೆ ಎಂದು ಇದ್ದ ಕಡೆಯೆಲ್ಲ ಜಲಾಶಯ ಎಂದು ಬದಲಿಸುವ ಗುಂಡಿ ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಆಯಿತು. ಸೂರ್ಯ ಇಳಿಯುತ್ತಿದ್ದ. ಓದಿ ನೋಡಲು ಪುರಸೊತ್ತಿಲ್ಲದೆ, ಮುದ್ರಿಸಿ, ಸಹಿ ಹಾಕಿ, ಹಾಸನಕ್ಕೆ ಹೋಗುವ ಜವಾನನ ಕೈಗೆ ಕೊಟ್ಟು ಇಬ್ಬರೂ ಮನೆಗೆ ಹೋದರು.

ಸೋಮವಾರ ನಾನು ಪ್ರಸಾದ ಹಂಚಿದೆ. ಸಾಹೇಬರು ಖುಷಿಯಲ್ಲಿದ್ದರು. "ನೀವಿಲ್ದೇನೂ ಕಂಪ್ಯೂಟರ್ ನಡೆಸಿದ್ವಿ ನೋಡಿ" ಎಂದರು. ನನಗೂ ಜೀವ ಬಂದಂತಾಯಿತು. ಮಂಗಳವಾರ ಹಾಸನದಿಂದ ಫೋನು ಬಂತು. ನಾನು ಅಲ್ಲೇ ಇದ್ದೆ. ಆ ಕಡೆಯವರ ದನಿ ಫೋನಿನಿಂದ ಆಚೆಗೂ ಕೇಳುತ್ತಿತ್ತು. "ಏನ್ ಸ್ವಾಮಿ, ಇಷ್ಟೊಂದು ಜಲಾಶಯ ಯಾವಾಗ ಕಟ್ಟಿಸಿದ್ರಿ? ಅರಸೀಜಲಾಶಯ ತಾಲ್ಲೂಕು ಅಂತ ಯಾವ ಜಿಲ್ಲೇಲಿ ಬರುತ್ತೆ?" ಅಲ್ಲಿ ಹಿಂದೆ ಯಾರೋ ನಗುವುದೂ ಕೇಳಿಸಿತು.

ಪ್ರತಿಯನ್ನು ತೆಗೆದು ನೋಡಿದೆವು. ಗುಂಡಿಗೆ ಊರಿನ ಹೆಸರು ಯಾವುದು, ಕೆರೆ ಯಾವುದು ಎಂದು ಏನು ಗೊತ್ತು? ಅರಸೀಕೆರೆ ಇದ್ದಲ್ಲೆಲ್ಲ ಅರಸೀಜಲಾಶಯ. ಕೆರೆಯ ಏರಿ ಹೋಗಿ ಜಲಾಶಯಯ ಏರಿ. ಕೆರೆಗೆ ಬರುವ ನೀರು ಜಲಾಶಯಗೆ ಬಂದಿತ್ತು. ಬೇರೆಯವರ ಕಚೇರಿಯಲ್ಲಿ ಆಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಸಾಹೇಬರ ಕಿವಿ ಕೆಂಪಾಗಿತ್ತು. ಅವರು ಯಾರನ್ನೂ ಬೈಯಲಿಲ್ಲ, ಗುಂಡಿ ಒತ್ತಿದ್ದು ತಾವೇ ಎಂದು ಒಪ್ಪಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಬೈದು ಓಡಿಸಿದ್ದರೆ ನಾನು ಬುಧವಾರ ಅರಸೀಕೆರೆಯಲ್ಲಿರುತ್ತಿದ್ದೆ.

ಬುಧವಾರ ಬೆಳಿಗ್ಗೆ ರಿಲೀವ್ ಕಾಗದವನ್ನು ನಾನೇ ಟೈಪ್ ಮಾಡಿ ಅವರ ಮುಂದಿಟ್ಟೆ. ಅದನ್ನು ಓದಿ ಪಕ್ಕಕ್ಕೆ ಸರಿಸಿದರು. "ಆಗಲ್ಲಮ್ಮ. ನೀವಿದ್ದಿದ್ರೆ ಇಂಥ ಅವಮಾನ ಆಗ್ತಿರಲಿಲ್ಲ. ಈ ಕಚೇರಿ ನಿಮ್ಮ ಮೇಲೇ ನಿಂತಿದೆ. ಹೊಸಬರು ಯಾರಾದ್ರೂ ಬರ್ಲಿ, ಖಂಡಿತ ಬಿಡ್ತೀನಿ."

"ಸಾರ್, ಮಗು ಕಾಯ್ತಿರುತ್ತೆ. ಇವತ್ತು ಬರ್ತೀನಿ ಅಂದಿದೀನಿ" ಎಂದೆ.

"ಸ್ವಲ್ಪ ದಿನ ಕಣ್ರೀ. ನಿಮ್ಮಂಥೋರು ಇಲ್ದೆ ನಡೆಯಲ್ಲ" ಎಂದರು. ಅದನ್ನು ಅವರು ಹೊಗಳಿಕೆ ಎಂದುಕೊಂಡೇ ಹೇಳಿದರು. ನನಗೆ ಎಂಥ ಸಿಟ್ಟು ಬಂತೆಂದರೆ, ಆ ಮೇಜಿನ ಮೇಲಿದ್ದ ಹಸಿರು ಶಾಯಿಯ ಪೆನ್ನನ್ನು ಮುರಿದುಹಾಕಬೇಕು ಎನಿಸಿತು. ಇದು ಸುಲಭ, ಯಾರು ಬೇಕಾದರೂ ಮಾಡಬಹುದು ಎಂದು ದಿನವೆಲ್ಲ ದುಡಿಸಿದವರು ಇವರೇ. ಇದು ನಿಮ್ಮೊಬ್ಬರಿಂದಲೇ ಆಗುವುದು ಎಂದು ಈಗ ಕಟ್ಟಿಹಾಕುತ್ತಿರುವವರೂ ಇವರೇ. ಎರಡರಲ್ಲಿ ಯಾವುದೋ ಒಂದು ನಿಜವಾಗಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

ಅಣ್ಣಯ್ಯ ನನ್ನ ಪರವಾಗಿ ಒಳಗೆ ಹೋಗಿ ಬಂದರು. "ಎಷ್ಟು ಹೇಳಿದ್ರೂ ತಲೆ ಆಡಿಸ್ತಾರೆ ಅಷ್ಟೆ. ಆ ಶನಿವಾರ ಬೇಡ ಅನ್ನೋಣ ಅಂದ್ರೆ ಅವರೇ ಕುರ್ಚಿಲಿ ಕೂತಿದ್ರು, ಏನಂತ ಹೇಳ್ಲಿ ತಂಗಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವರ ತಪ್ಪೇನೂ ಇರಲಿಲ್ಲ. ಆ ದಿನ ಪೂರ್ತಿ ಪ್ರಸ್ತಾವನೆಯ ಜಲಾಶಯಗಳನ್ನೆಲ್ಲ ಮತ್ತೆ ಕೆರೆ ಮಾಡುತ್ತಾ ಕೂತೆ. ಈ ಸಲ ಒಂದೊಂದಾಗಿ, ಓದಿ ಓದಿ ಮಾಡಿದೆ. ಏಳೂವರೆಯ ಬಸ್ಸಿಗೆ ಓಡಬೇಕಾಯಿತು.

ಮಗಳು ಕತ್ತಲಾಗುವವರೆಗೂ ಜಗುಲಿಯಲ್ಲೇ ಕೂತಿದ್ದಳಂತೆ. "ಒಳಿಕ್ ಬಾರವ್ವ ಅಂದ್ರೆ ಬರ್ಲಿಲ್ಲ ಕಣಕ್ಕ. ಆಮೇಕೆ ಅಲ್ಲೇ ನಿದ್ದೆ ಮಾಡ್ಬುಡ್ತು, ಎತ್ಕಂಡ್ ಬಂದೆ" ಎಂದರು ಪಕ್ಕದ ಮನೆಯಾಕೆ. ಬೆಳಿಗ್ಗೆ ತಲೆ ಬಾಚುವಾಗ ಮಗಳು, "ನಿನ್ನೆ ಬರ್ತೀನಂದಿದ್ದೆ" ಎಂದಳು. "ಬರ್ತೀನಿ ಕಣೇ, ಇನ್ನು ಸ್ವಲ್ಪ ದಿನ" ಎಂದೆ. ಹೂಂ ಎಂದಳು. ಆಮೇಲೆ ಅವಳು ಯಾವತ್ತೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು.

ಸ್ವಲ್ಪ ದಿನ ವರ್ಷಗಳಾದವು. ಅರಸೀಕೆರೆಯ ಜಾಗಕ್ಕೆ ಬೇರೆ ಯಾರೋ ಬಂದರು. ಹೊಸ ಕಂಪ್ಯೂಟರ್ ಬಂತು, ಅದು ಹಳೆಯದಕ್ಕಿಂತ ಸುಲಭ ಎಂದರು. ಸುಲಭವಾದಷ್ಟೂ ಹಾಳೆ ಹೆಚ್ಚು, ನನಗೆ ರಾತ್ರಿ ಬಸ್ಸು ಹೆಚ್ಚು. ಸಾಹೇಬರು ಪ್ರತಿ ವರ್ಷ ನನ್ನ ಬಗ್ಗೆ ಗುಪ್ತ ವರದಿಯಲ್ಲಿ 'ಅತ್ಯುತ್ತಮ' ಎಂದು ಬರೆದರಂತೆ. ಅಣ್ಣಯ್ಯ ನಿವೃತ್ತರಾದರು. ಅವರ ಬೀಳ್ಕೊಡುಗೆಯ ಉಪಾಹಾರವನ್ನು ಹಗಲು ಇರುವಾಗಲೇ ಮುಗಿಸಿದೆವು, ಅವರು ನನ್ನ ತಲೆ ಮುಟ್ಟಿ ಬಸ್ಸು ಹತ್ತಿದರು. ಆಮೇಲೆ ಸಾಹೇಬರೂ ವರ್ಗವಾಗಿ ಹೋದರು. ಅವರನ್ನು ರಿಲೀವ್ ಮಾಡಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮನೆಯಲ್ಲಿ ಮಗಳು ಬೆಳೆಯುತ್ತಿದ್ದಳು. ಒಂದು ದಿನ ಅವಳೇ ಜಡೆ ಹಾಕಿಕೊಂಡಿದ್ದಳು, ಸ್ವಲ್ಪ ಸೊಟ್ಟಗಿತ್ತು. ಇನ್ನೊಂದು ವರ್ಷಕ್ಕೆ ಸೊಟ್ಟಗಿರಲಿಲ್ಲ. ದೊಡ್ಡವಳಾದ ದಿನ ಅವಳು ಮೊದಲು ಹೇಳಿದ್ದು ಪಕ್ಕದ ಮನೆಯಾಕೆಗೆ. ನನಗೆ ಕಚೇರಿಗೆ ಫೋನು ಬಂದಾಗ ನಾನು ಯಾವುದೋ ಪ್ಯಾರಾವನ್ನು ಕೆಳಗಿನಿಂದ ಮೇಲಕ್ಕೆ ತರುತ್ತಿದ್ದೆ. ಅಮ್ಮ ಬರುವುದು ತಡ ಎಂಬುದು ಅವಳಿಗೆ ದೂರುವ ವಿಷಯವಾಗಿ ಉಳಿದಿರಲಿಲ್ಲ, ಮನೆಯ ಪದ್ಧತಿಯಾಗಿತ್ತು. ನನಗೂ ಜಗಳ ಮಾಡುವ ಶಕ್ತಿ ಉಳಿದಿರಲಿಲ್ಲ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಸಾಕು ಎನಿಸುತ್ತಿತ್ತು.

ಅವಳು ಹತ್ತನೇ ತರಗತಿಗೆ ಬಂದ ವರ್ಷ, ಗುತ್ತಿಗೆಯ ಮೇಲೆ ಇಬ್ಬರು ಕಂಪ್ಯೂಟರ್ ಆಪರೇಟರುಗಳು ಬೇಲೂರಿಗೆ ಬಂದರು. ಅರಸೀಕೆರೆಯಲ್ಲಿ ಮತ್ತೆ ಜಾಗ ಖಾಲಿಯಾಗಿತ್ತು, ಆದೇಶ ಬಂತು. ಹೊಸ ಸಾಹೇಬರಿಗೆ ನನ್ನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಲೇ ಕಾಗದ ಎಳೆದುಕೊಂಡು ಸಹಿ ಹಾಕಿ, ಹೋಗಿ ಎಂದು ಕೈಸನ್ನೆ ಮಾಡಿದರು. ಇಷ್ಟಕ್ಕಾಗಿ ಇಷ್ಟು ವರ್ಷ ಕಾದೆನೇ ಎಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಅರಸೀಕೆರೆಯ ಕಚೇರಿ ನಮ್ಮ ಮನೆಗೆ ನಡೆದು ಹೋಗುವ ದೂರ. ಮೊದಲ ದಿನ ಐದೂವರೆಗೆ ಎದ್ದಾಗ ಯಾರೂ ನನ್ನನ್ನು ತಡೆಯಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಳ ಮಲ್ಲಿಗೆ ತೆಗೆದುಕೊಂಡೆ. ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಸಂಜೆಯ ಬಿಸಿಲು ಬೀಳುತ್ತದೆ ಎಂದೇ ನನಗೆ ಮರೆತುಹೋಗಿತ್ತು.

ಮಗಳು ಪುಸ್ತಕ ಬ್ಯಾಗಿಗೆ ತುಂಬುತ್ತಿದ್ದಳು. ವರ್ಗವಾದದ್ದು ಅವಳಿಗೆ ಗೊತ್ತಿತ್ತು, ಹೇಳಿದ್ದೆ. ಆದರೂ ಬಾಗಿಲಲ್ಲಿ ನನ್ನನ್ನು ಕಂಡು ಅವಳ ಮುಖದಲ್ಲಿ ಗಾಬರಿ ಬಂತು. ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು.

"ಯಾಕಮ್ಮ ಇಷ್ಟೊತ್ತಿಗೇ ಬಂದೆ, ಹುಷಾರಿಲ್ವಾ?"

"ಹುಷಾರಾಗಿದೀನಿ ಕಣೇ. ಕೆಲಸ ಮುಗೀತು, ಬಂದೆ" ಎಂದೆ.

"ಓ, ಹೌದಲ್ಲ" ಎಂದಳು. ಹೂವು ಕೊಟ್ಟೆ. ಮುಡಿದುಕೊಳ್ಳಲು ಹೊತ್ತಿಲ್ಲವೆಂದು ತಟ್ಟೆಯಲ್ಲಿಟ್ಟು ಮೇಲೆ ನೀರು ಚಿಮುಕಿಸಿದಳು. "ನಂಗೆ ಟ್ಯೂಷನ್ ಇದೆ, ಬರೋದು ಎಂಟಾಗುತ್ತೆ. ನೀನು ಕಾಯ್ಬೇಡ, ಊಟ ಮಾಡಿ ಮಲ್ಕೋ. ಸಾರಿಗೆ ಬೇಳೆ ಬೇಕಾದ್ರೆ ಡಬ್ಬ ಈಗೀಗ ಕೆಳಗಿನ ಶೆಲ್ಫಲ್ಲಿ ಇಡೋದು, ಮೇಲೆ ಹುಡುಕ್ಬೇಡ" ಎಂದು ಹೇಳಿ, 'ಹೋಗಿ ಬರ್ತೀನಿ' ಎಂದು ಪಕ್ಕದ ಮನೆಯ ಕಡೆಗೆ ಕೂಗಿ ಹೋದಳು.